ಎರಡು ಸಲ ಹಾಕಿದ ಕಲಾಯಿ

ನಮ್ಮ ಕೂಟಗಲ್ಲಿನಲ್ಲಿ ಹಾಲಿನ ಡೈರಿ ಪಕ್ಕ ಒಂದು ಹೊಂಗೆಮರವಿದೆ. ಅದರ ಬುಡದಲ್ಲಿ ಗುಂಡಿ ತೋಡಿ, ತಿದಿ ಹೂತು, ಇದ್ದಿಲು ಹೊತ್ತಿಸಿ ನಜೀರ್ ಸಾಬರು ಕೂತರೆಂದರೆ ಅವತ್ತು ಊರಿನ ಹೆಂಗಸರ ಕಾಲಿಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಅಟ್ಟದ ಮೇಲಿದ್ದ ತಪ್ಪಲೆ, ಕೊಳಗ, ಚೊಂಬುಗಳೆಲ್ಲ ತಲೆ ಮೇಲೆ ಕೂತು ಮರದ ಕಡೆ ಸಾಗುತ್ತಿದ್ದವು. ಉಯ್ಯಂಬಳ್ಳಿಯಿಂದ ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ನಾನು ಅವರನ್ನು ನೋಡಿದ್ದು. ಮಸಿ ಹಿಡಿದ ಬನಿಯನ್, ಮೊಣಕಾಲಿಗೆ ಎತ್ತಿ ಕಟ್ಟಿದ ಲುಂಗಿ, ಅರ್ಧ ನರೆತ ಗಡ್ಡ. ಈಗ ಅವರ ಹೆಸರೆತ್ತಿದರೆ ಊರಿನವರು ಮುಖ ತಿರುಗಿಸುತ್ತಾರೆ. ನಾನು ತಿರುಗಿಸುವುದಿಲ್ಲ. ಅವರ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟಿರುವುದು ನನಗೆ. ಅವರ ವಿಷಯ ಹೇಳುವ ಹಕ್ಕೂ ನನಗೇ ಹೆಚ್ಚು.

ಕಲಾಯಿ ಎಂದರೇನೆಂದು ಈಗಿನವರಿಗೆ ಹೇಳಿಯೇ ಮುಂದೆ ಹೋಗಬೇಕು. ಹಿತ್ತಾಳೆ, ತಾಮ್ರಕ್ಕೆ ಬೆಂಕಿ ತಾಕಿದರೆ ಕಾವು ಮೈಯೆಲ್ಲ ಒಂದೇ ಸಮ ಹರಡುತ್ತದೆ. ಅದಕ್ಕೇ ಹಿತ್ತಾಳೆ ತಪ್ಪಲೆಯಲ್ಲಿ ಬೇಯುವ ಬೇಳೆ ತಳ ಹಿಡಿಯುವುದಿಲ್ಲ. ಆದರೆ ಅದಕ್ಕೆ ಹುಳಿ ಆಗದು. ಹುಣಿಸೆಹಣ್ಣೋ ಮಜ್ಜಿಗೆಯೋ ಬಿದ್ದರೆ ಹಸಿರು ಕಿಲುಬು ಏಳುತ್ತದೆ, ಉಂಡವರು ವಾಂತಿ ಮಾಡಿಕೊಳ್ಳುತ್ತಾರೆ. ತವರಕ್ಕೆ ಹುಳಿಯ ಹಂಗಿಲ್ಲ. ಹಾಗಾಗಿ ಪಾತ್ರೆಯ ಒಳಮೈಗೆ ತೆಳ್ಳಗೆ ತವರ ಬಳಿಯುತ್ತಾರೆ, ಅದೇ ಕಲಾಯಿ. ಅಷ್ಟು ಕಷ್ಟ ಯಾಕೆ, ಸ್ಟೀಲ್ ಪಾತ್ರೆ ತರೋಣ ಎಂದು ನಾನು ಒಮ್ಮೆ ಬಾಯಿಬಿಟ್ಟೆ. ನಮ್ಮತ್ತೆ ವೆಂಕಟಲಕ್ಷ್ಮಮ್ಮ ಒಲೆ ಮುಂದಿನಿಂದಲೇ ಉತ್ತರ ಕೊಟ್ಟರು.

“ಸ್ಟೀಲು ತಳ ಹಿಡೀತದೆ. ಅಲ್ಯೂಮಿನಿಯಂಗೆ ಹುಳಿ ಹಾಕುದ್ರೆ ಕರ್ರಗಾಯ್ತದೆ. ನಿಮ್ಮವ್ವನ ಮನೇಲಿ ಅದ್ರಲ್ಲೇ ಉಂಡಿದ್ದೀಯೇನೋ, ನಮ್ಮನೇಲಿ ಅದೆಲ್ಲ ನಡಿಯಾಕಿಲ್ಲ.”

ಅತ್ತೆಯ ಮಾತು ಹೀಗೇ, ಉಪ್ಪು ಒಸಿ ಜಾಸ್ತಿ.

ಸಾಬರ ಕೆಲಸ ನೋಡಲು ಚೆನ್ನಾಗಿತ್ತು. ಪಾತ್ರೆಯೊಳಗೆ ಮರಳು ಹಾಕಿ, ಬರಿಗಾಲಲ್ಲಿ ಅದರೊಳಗೇ ನಿಂತು, ಸೊಂಟ ತಿರುಗಿಸುತ್ತಾ ಉಜ್ಜುತ್ತಿದ್ದರು. ಆಮೇಲೆ ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಕಾಸಿ, ನವಸಾಗರದ ಪುಡಿ ಉದುರಿಸಿದರೆ ಮೂಗಿಗೆ ಅಡರುವಂಥ ಬಿಳಿ ಹೊಗೆ. ಆ ಹೊಗೆಯೊಳಗೇ ತವರದ ಕಡ್ಡಿ ತಾಕಿಸಿ ಹತ್ತಿಯ ಉಂಡೆಯಿಂದ ಒಂದು ಸುತ್ತು ಸವರಿದರೆ ಕಪ್ಪು ಪಾತ್ರೆ ಬೆಳ್ಳಗಾಗಿಬಿಡುತ್ತಿತ್ತು. ಮಕ್ಕಳಿರುವ ಮನೆಯ ಒಂದು ಚೊಂಬಿಗೆ ಮಾತ್ರ ಅವರು ಎರಡು ಸಲ ಕಲಾಯಿ ಹಾಕುತ್ತಿದ್ದರು, ದಪ್ಪಗೆ. ಅದಕ್ಕೆ ಕಾಸು ಮುಟ್ಟುತ್ತಿರಲಿಲ್ಲ.

“ಮಗೂ ಬಾಯಿಗ್ ಹೋಗೋ ಪಾತ್ರೆಗೆ ಕೈ ಚಾಚಬಾರ್ದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು ಕಣವ್ವ,” ಎನ್ನುತ್ತಿದ್ದರು.

ನನ್ನ ಮಗಳು ಧನುಶ್ರೀ ಹುಟ್ಟಿದಾಗ ಅತ್ತೆ ರಾಮನಗರದ ಪಾತ್ರೆ ಅಂಗಡಿಯಿಂದ ಪುಟ್ಟ ಹಿತ್ತಾಳೆ ಚೊಂಬು ತಂದು, ಅದರ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವಳ ಹೆಸರು ಹೊಡೆಸಿದರು. ಅದಕ್ಕೂ ಸಾಬರ ಎರಡು ಸಲದ ಕಲಾಯಿ ಬಿತ್ತು. ಅವಳು ನಡೆಯುವುದು ಕಲಿತ ಮೇಲೆ ಆ ಚೊಂಬು ಕೈ ಬಿಟ್ಟಿದ್ದೇ ಇಲ್ಲ. ಬೆಳಿಗ್ಗೆ ಅದರಲ್ಲಿ ಮಜ್ಜಿಗೆ, ಮಧ್ಯಾಹ್ನ ಅದರಲ್ಲಿ ಮಜ್ಜಿಗೆ, ಮಲಗುವಾಗಲೂ ಪಕ್ಕದಲ್ಲಿ ಅದೇ.

ಅದು ಬಿಡದಿ, ಹಾರೋಹಳ್ಳಿ ಕಡೆ ದಿನಕ್ಕೊಂದು ಕಾಂಪೌಂಡ್ ಏಳುತ್ತಿದ್ದ ಕಾಲ. ಫ್ಯಾಕ್ಟರಿಗಳ ಒಳಗೆ ಏನಾಗುತ್ತದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ, ಹೊರಗೆ ಬೀಳುವ ಗುಜರಿ ಮಾತ್ರ ಗೊತ್ತಿತ್ತು. ಅದು ಲಾರಿಯಲ್ಲಿ ರಾಮನಗರಕ್ಕೆ ಬರುತ್ತಿತ್ತು. ಅಲ್ಲಿನ ಗುಜರಿ ಅಂಗಡಿಯ ಮುನಿಯಪ್ಪನ ಹತ್ತಿರ ಒಂದು ದಿನ ಸಾಬರು ಹೊಸ ಥರದ ಕಡ್ಡಿಗಳನ್ನು ಕಂಡರು. ಇದನ್ನೂ ಮುಂದಿನದನ್ನೂ ಅವರೇ ನನಗೆ ಹೇಳಿದ್ದು. ಎಲ್ಲಿ, ಯಾವಾಗ ಎಂಬುದು ಮುಂದೆ ಬರುತ್ತದೆ.

“ಫ್ಯಾಕ್ಟ್ರಿ ತವರ ಸಾಬ್ರೆ,” ಎಂದನಂತೆ ಮುನಿಯಪ್ಪ. “ಟೀವಿ, ಫೋನ್ ಒಳಗೆ ಬೆಸುಗೆ ಹಾಕೋದು ಇದ್ರಲ್ಲೇ. ನಿಮ್ಮ ತವರ ಈಗ ಚಿನ್ನ ಆಗ್ಬುಟ್ಟೈತೆ, ಇದನ್ನ ಒಂದ್ಸಲ ಹಾಕಿ ನೋಡಿ.”

ಸಾಬರು ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿದರು. ಶುದ್ಧ ತವರ ಬಗ್ಗಿದಾಗ ಒಳಗೇ ಕಿರುಗುಟ್ಟುತ್ತದೆ, ಕಲಾಯಿಯವರ ಹಳೆಯ ಪರೀಕ್ಷೆ ಅದೇ. ಈ ಕಡ್ಡಿ ಮೆತ್ತಗೆ ಬಗ್ಗಿತು, ಸದ್ದೇ ಮಾಡಲಿಲ್ಲ.

“ಇದ್ರಲ್ಲಿ ದನಿ ಇಲ್ವಲ್ಲ ಮುನಿಯಪ್ಪ.”

“ಮಿಷನ್ನಾಗ್ ಎರಕ ಹೊಯ್ದಿರೋದು. ಮಿಷನ್ ಮಾಲಿಗೆ ದನಿ ಎಲ್ಲಿಂದ ಬತ್ತದೆ?”

ಅದು ಸುಳ್ಳೋ, ಅವನಿಗೂ ಗೊತ್ತಿರಲಿಲ್ಲವೋ, ದೇವರೇ ಬಲ್ಲ. ಸಾಬರು ಅನುಮಾನದಲ್ಲೇ ನಾಲ್ಕು ಕಡ್ಡಿ ತಂದು ಮೊದಲು ತಮ್ಮ ಮನೆಯ ತಪ್ಪಲೆಗೇ ಬಳಿದರು. ಬೇರೆಯವರ ಮನೆ ಪಾತ್ರೆಯ ಮೇಲೆ ಪ್ರಯೋಗ ಮಾಡುವ ಮನುಷ್ಯ ಅವರಲ್ಲ. ಕಡ್ಡಿ ಸ್ವಲ್ಪ ಕಾವಿಗೇ ಕರಗಿ, ಬಿಸಿ ಮುದ್ದೆ ಮೇಲಿನ ತುಪ್ಪದಂತೆ ಹರಿಯಿತು. ಅರ್ಧ ಇದ್ದಿಲಿನಲ್ಲಿ ಕೆಲಸ ಮುಗಿಯಿತು, ಅವರ ಕೈಯಿಂದ ಹಿಂದೆಂದೂ ಬಾರದ ಹೊಳಪು ಬಂತು. ಹೆಂಡತಿ ಹಫೀಜಾ ಅದರಲ್ಲಿ ಹುಳಿಸಾರು ಮಾಡಿದರು. ಇಬ್ಬರೂ ಉಂಡರು, ಏನೂ ಆಗಲಿಲ್ಲ. ಆ ದಿನ ಏನೂ ಆಗಲಿಲ್ಲ ಎನ್ನಬೇಕು.

ಆ ಸಲ ಗೌರಿಹಬ್ಬಕ್ಕೆ ಮುಂಚೆ ಕೂಟಗಲ್ಲಿಗೆ ಬಂದ ಸಾಬರು ಆ ಕಡ್ಡಿಯಲ್ಲೇ ಊರಿನ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿದರು, ಮಕ್ಕಳ ಚೊಂಬಿಗೆ ಎಂದಿನಂತೆ ಎರಡೆರಡು ಸಲ. ಅತ್ತೆ ತಪ್ಪಲೆಯೊಳಗೆ ಬಗ್ಗಿ ತಮ್ಮ ಮುಖ ನೋಡಿಕೊಂಡು, ಕುಂಕುಮ ಸರಿಮಾಡಿಕೊಂಡರು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಗೆ ಬೂದಿ ಬಣ್ಣದ ಮಸಿ ಹತ್ತುವುದನ್ನು ನಾನು ತೋರಿಸಿದೆ.

“ಹೊಸ ಕಲಾಯಿ ಒಸಿ ಮಸಿ ಬುಡ್ತದೆ, ಅದ್ಕೇನೀಗ?” ಎಂದರು.

ಮುಂದಿನ ಯುಗಾದಿ ಹೊತ್ತಿಗೆ ನನ್ನ ಮಗಳ ಮುಖ ಸುಣ್ಣದ ಗೋಡೆಯಂತೆ ಬಿಳುಚಿಕೊಂಡಿತ್ತು. ಗೋಡೆಯ ಹತ್ತಿರವೇ ಕೂತು ಮಣ್ಣು ಕೆದಕಿ ತಿನ್ನುತ್ತಿದ್ದಳು. ಹೊಟ್ಟೆ ಹಿಡಿದುಕೊಂಡು ಮುದುಡುತ್ತಿದ್ದಳು. ‘ಅಜ್ಜಿ’, ‘ಕರು’, ‘ಬಸ್ಸು’ ಎಂದೆಲ್ಲ ಹೇಳುತ್ತಿದ್ದ ಮಗು ಒಂದೊಂದೇ ಮಾತು ಬಿಡುತ್ತಾ ಬಂತು. ಮಕ್ಕಳು ಮಾತು ಕಲಿಯುವುದನ್ನು ಎಲ್ಲರೂ ನೋಡಿರುತ್ತಾರೆ. ಕಲಿತ ಮಾತು ಹಿಂದಕ್ಕೆ ಹೋಗುವುದನ್ನು ನೋಡಬಾರದು. ಅತ್ತೆ ದೃಷ್ಟಿ ತೆಗೆದರು, ಹುಳದ ಔಷಧಿ ಕುಡಿಸಿದರು, ಕೊರಳಿಗೆ ದಾರ ಕಟ್ಟಿಸಿದರು. ಔಷಧಿ ಕುಡಿಸಿದ್ದೂ ಅದೇ ಚೊಂಬಿನಲ್ಲಿ. ಮೇಲಿನ ಬೀದಿಯ ಮಕ್ಕಳೂ ಮಂಕಾಗಿದ್ದವು. ಬಿಡದಿಯ ಫ್ಯಾಕ್ಟರಿ ಹೊಗೆ ಗಾಳಿಯಲ್ಲಿ ಬರುತ್ತಿದೆ ಎಂದು ಡೈರಿ ಮುಂದೆ ಗಂಡಸರು ಆಕಾಶ ನೋಡುತ್ತಾ ಮಾತಾಡಿಕೊಂಡರು.

ಅತ್ತ ರಾಮನಗರದಲ್ಲಿ ಸಾಬರ ಬಲಗೈ ಸೋಲತೊಡಗಿತ್ತು. ಮಣಿಕಟ್ಟು ಮೇಲೇಳುತ್ತಿರಲಿಲ್ಲ, ಕೈ ಬಾಡಿದ ಬಾಳೆ ಎಲೆಯಂತೆ ಜೋತುಬೀಳುತ್ತಿತ್ತು. ಇಕ್ಕಳ ಜಾರಿ ಕಾದ ಪಾತ್ರೆ ಕಾಲ ಮೇಲೆ ಬಿದ್ದ ಮೇಲೆ ಹಫೀಜಾ ಹಟಮಾಡಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಆಕೆಗೂ ತಿಂಗಳುಗಳಿಂದ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರು ಸಾಬರ ತುಟಿ ಎತ್ತಿ ವಸಡು ನೋಡಿದರು. ಹಲ್ಲಿನ ಬುಡದಲ್ಲಿ ನೀಲಿಗಪ್ಪು ಗೆರೆ ಇತ್ತು.

“ಬ್ಯಾಟರಿ ಕೆಲಸ ಮಾಡ್ತೀರಾ?”

“ಇಲ್ಲ ಸಾರ್, ಕಲಾಯಿ.”

ಡಾಕ್ಟರು ಮಾರನೆಯ ದಿನ ಕಡ್ಡಿ ತರಿಸಿಕೊಂಡು ಬಿಳಿ ಕಾಗದದ ಮೇಲೆ ಎಳೆದರು. ಪೆನ್ಸಿಲ್ಲಿನಂತೆ ಬೂದು ಗೆರೆ ಮೂಡಿತು. ಇದರಲ್ಲಿ ಸೀಸ ಇದೆ, ತಂತಿ ಜೋಡಿಸಲು ಸರಿ, ಅಡುಗೆ ಪಾತ್ರೆಗೆ ಅಲ್ಲ, ಹುಳಿ ತಾಕಿದರೆ ಕರಗಿ ಊಟಕ್ಕೆ ಸೇರುತ್ತದೆ ಎಂದರು. ಕಾದಾಗ ಏಳುವ ಹೊಗೆಯೂ ಕೆಟ್ಟದ್ದು ಎಂದರು. ಆಮೇಲೆ ಒಂದು ಮಾತು ಸೇರಿಸಿದರು.

“ದೊಡ್ಡವರಿಗಿಂತ ಮಕ್ಕಳಿಗೆ ತುಂಬಾ ಅಪಾಯ. ಮೆದುಳಿಗೇ ಹೋಗುತ್ತೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?”

ತಮ್ಮ ಮನೆಯಲ್ಲಿ ಇಲ್ಲ ಎಂದು ಸಾಬರು ಹೇಳಿದರಂತೆ. ಹೇಳಿ, ಆಸ್ಪತ್ರೆ ಬೆಂಚಿನ ಮೇಲೆ ಕೂತವರು ಹೊತ್ತು ಮುಳುಗಿದರೂ ಏಳಲಿಲ್ಲವಂತೆ.

ಮನೆಗೆ ಬಂದು ಅವರು, ಊರೂರಿಗೆ ಹೋಗಿ ಹೇಳಿಬಿಡುತ್ತೇನೆ ಎಂದರು. ಹಫೀಜಾ ಬಾಗಿಲಿಗೆ ಅಡ್ಡ ನಿಂತರು.

“ಹೇಳಿ, ಬೇಡ ಅನ್ನಲ್ಲ. ಆದ್ರೆ ವಿಷ ಅನ್ನೋ ಮಾತು ನಿಮ್ಮ ಬಾಯಿಂದ ಬರಬಾರ್ದು. ಕಲಾಯಿ ಕೂತಿಲ್ಲ, ಕೆರೆದು ಹೊಸದು ಹಾಕ್ತೀನಿ ಅನ್ನಿ. ಸಾಬಿ ಊರಿಗೆಲ್ಲ ವಿಷ ಹಾಕ್ದ ಅಂತ ಒಬ್ಬ ಅಂದ್ರೆ ಸಾಕು, ನೀವು ಹಾಕಿದ್ದು ಯಾಕೆ ಅಂತ ಯಾರೂ ಕೇಳಲ್ಲ.”

ಆಕೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

ಹೀಗೆ ಅವರು ಶುದ್ಧ ತವರ ಕೊಂಡುಕೊಂಡು, ಕರೆಯದೆಯೇ ಕೂಟಗಲ್ಲಿಗೆ ಬಂದರು. ಜೋತ ಕೈಗೆ ಬಟ್ಟೆ ಸುತ್ತಿಕೊಂಡು ಮನೆಮನೆ ಬಾಗಿಲಲ್ಲಿ ನಿಂತು, ಕಲಾಯಿ ಸರಿ ಕೂತಿಲ್ಲ, ಮಕ್ಕಳ ಚೊಂಬು ಮೊದಲು ಕೊಡಿ ಎಂದರು. ಕೊಟ್ಟವರು ಒಬ್ಬಿಬ್ಬರು. ಉಳಿದವರು ನಕ್ಕರು. ಇಂಥ ಕಲಾಯಿಯನ್ನು ಯಾರು ಕೆರೆಸುತ್ತಾರೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಬುದ್ಧಿ ಹೇಳುವ ಜನವೇ ಇದು.

ನಮ್ಮ ಜಗಲಿಗೆ ಬಂದಾಗ ಅತ್ತೆ ರಾಗಿ ಕೇರುತ್ತಿದ್ದರು.

“ಏನ್ ಸಾಬ್ರೆ, ಇಷ್ಟು ವರ್ಷದಲ್ಲಿ ಇಂಥಾ ಕಲಾಯಿ ನೀವು ಹಾಕೇ ಇಲ್ಲ. ಅದನ್ನ ಕೆರೀತೀನಿ ಅಂತೀರಲ್ಲ, ತಲೆ ನೆಟ್ಟಗೈತಾ?”

“ಅವ್ವಾ, ಮಗೂ ಚೊಂಬಾದ್ರೂ ಕೊಡಿ.”

“ಹೋಗಿ ಹೋಗಿ. ಅದನ್ನ ಕಿತ್ಕೊಂಡ್ರೆ ಊರು ಕೇಳೋ ಹಂಗೆ ಅಳ್ತದೆ.”

ಧನುಶ್ರೀ ಆಗ ಕಂಬದ ಹಿಂದಿನಿಂದ ಈಚೆ ಬಂದಳು. ಬಾಯಲ್ಲಿ ಮಣ್ಣು, ಕೈಯಲ್ಲಿ ಮಜ್ಜಿಗೆ ಚೊಂಬು. ಸಾಬರು ಅವಳನ್ನು ನೋಡಿದ್ದನ್ನು ನಾನು ನೋಡಿದೆ. ಬಿಳುಚಿದ ತುಟಿ ನೋಡಿದರು, ಮಣ್ಣಾದ ಬೆರಳು ನೋಡಿದರು. “ಹೆಸ್ರು ಹೇಳವ್ವ,” ಎಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು. ಅವಳು ಅವರ ಗಡ್ಡವನ್ನೇ ನೋಡುತ್ತಾ ನಿಂತಳು. ಸಾಬರು ಅವಳ ಕೈಯಿಂದ ಚೊಂಬು ಕಿತ್ತುಕೊಂಡು ಮಜ್ಜಿಗೆಯನ್ನು ಅಂಗಳಕ್ಕೆ ಸುರಿದರು.

“ಇದ್ರಲ್ಲಿ ಸೀಸ ಐತೆ ಅವ್ವಾ. ವಿಷ. ಗೊತ್ತಿಲ್ದೆ ನಾನೇ ಹಾಕ್ಬುಟ್ಟೆ. ಊರಿನ ಎಲ್ಲಾ ಪಾತ್ರೇಲೂ ಐತೆ. ಯಾರೂ ಅದ್ರಲ್ಲಿ ಉಣಬ್ಯಾಡಿ.”

ನಮ್ಮೂರಿನದು ಹಿತ್ತಾಳೆ ಕಿವಿ. ಆ ಮಾತು ನಮ್ಮ ಜಗಲಿಯಿಂದ ಡೈರಿಗೆ ಹೋಗುವಷ್ಟರಲ್ಲಿ ‘ಗೊತ್ತಿಲ್ದೆ’ ಎಂಬುದು ಉದುರಿಹೋಗಿತ್ತು. ನನ್ನ ಮೈದುನ ಬಾಲರಾಜು ಓಡಿ ಬಂದು ಚೊಂಬನ್ನು ಕಸಿದುಕೊಂಡ, ಸಾಬರ ಸೈಕಲ್ಲನ್ನು ಚರಂಡಿಗೆ ತಳ್ಳಿದ.

“ಬಾಲು, ಬುಡೋ, ಆಸ್ಪತ್ರೆಗ್ ಹೋಗನ ನಡಿ,” ಎಂದು ನಾನು ಕೂಗಿದೆ. ಕೇಳುವವರು ಯಾರು? ತಿದಿಯನ್ನು ಕುಡುಗೋಲಿನಲ್ಲಿ ಸೀಳಿದ್ದು ಯಾರೋ ಕಾಣಲಿಲ್ಲ. ಬೋರಲಿಂಗಯ್ಯ ಎಂಬ ಹಿರಿಯರು ನಡುವೆ ನಿಲ್ಲದಿದ್ದರೆ ಸಾಬರ ಮೈಮೇಲೂ ಕೈ ಬೀಳುತ್ತಿತ್ತು. ಅವರು ಸೈಕಲ್ಲು ಎತ್ತಿಕೊಳ್ಳದೆ ನಡೆದೇ ಹೋದರು. ಹೋಗುವಾಗಲೂ, ಕೆರೆಸದೆ ಬಳಸಬೇಡಿ, ಕೆರೆಸದೆ ಬಳಸಬೇಡಿ ಎನ್ನುತ್ತಲೇ ಇದ್ದರು.

ನಾವು ಧನುಶ್ರೀಯನ್ನು ಅದೇ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ರಕ್ತ ನೋಡಿ ಡಾಕ್ಟರು ನಮ್ಮ ಮುಖ ನೋಡದೆ ಮಾತಾಡಿದರು. ಜೀವಕ್ಕೆ ತೊಂದರೆಯಿಲ್ಲ, ಮಿಕ್ಕಿದ್ದು ಬೆಳೆಯುತ್ತಾ ಗೊತ್ತಾಗುತ್ತದೆ ಎಂದರು. ಒಂದು ದಿನ ಔಷಧಿಗೆ ಹೋಗುವಾಗ ವರಾಂಡದ ಬೆಂಚಿನ ಮೇಲೆ ನಜೀರ್ ಸಾಬರು ಕಂಡರು, ಕೈಗೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದರು. ನಾನು ಬೈದೆ. ಬಾಯಿಗೆ ಬಂದಂತೆ ಬೈದೆ, ಅವರ ಅಪ್ಪನನ್ನೂ ಬಿಡಲಿಲ್ಲ. ಅವರು ತಲೆ ಬಗ್ಗಿಸಿಕೊಂಡು ಕೇಳಿದರು. ನನ್ನ ದನಿ ಬಿದ್ದುಹೋದ ಮೇಲೆ ಮುನಿಯಪ್ಪನ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದರು. ಕೊನೆಗೆ ಕೇಳಿದರು.

“ಊರಿನ ಪಾತ್ರೆ ಎಲ್ಲೈತವ್ವ ಈಗ? ಯಾರಾದ್ರೂ ಕೆರೆಸಿದ್ರಾ?”

“ಕೆರೆಸೋದೆಲ್ಲಿ? ಆ ವಾರವೇ ಟೆಂಪೋದವನು ಬಂದಿದ್ದ. ಹಳೇದು ಕೊಟ್ಟು ಸ್ಟೀಲು ತಗೊಂಡ್ವಿ, ಊರಿಗೂರೇ.”

ಹಿತ್ತಾಳೆಯನ್ನು ನಮ್ಮಲ್ಲಿ ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಎಸೆದರೆ ಲಕ್ಷ್ಮಿ ಹೋಗುತ್ತಾಳೆ. ವಿಷವಿದ್ದರೂ ಅದಕ್ಕೊಂದು ಬೆಲೆ ಇದೆಯಲ್ಲ. ನಮ್ಮತ್ತೆ ಧನುಶ್ರೀಯ ಚೊಂಬನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಹೊಳೆಯಿಸಿ ಕೊಟ್ಟಿದ್ದರು. ಇದನ್ನು ಕೇಳಿದ ಸಾಬರ ಮುಖ ನನ್ನ ಬೈಗುಳಕ್ಕೆ ಆಗದಷ್ಟು ಕಂದಿತು.

“ಟೆಂಪೋದವನು ಕರಗಿಸಲ್ಲ ಕಣವ್ವ. ಅಷ್ಟು ಹೊಳಿಯೋ ಪಾತ್ರೇನ ಕರಗಿಸ್ತಾನಾ? ಸಂತೇಲಿ ಮಾರ್ತಾನೆ.”

ಅಲ್ಲಿಂದ ಅವರ ತಿರುಗಾಟ ಶುರುವಾಯಿತು. ಪಾತ್ರೆಗಳ ಮೇಲೆ ಹೊಡೆಸಿದ ಹೆಸರುಗಳೇ ಗುರುತು. ಕನಕಪುರದ ಸಂತೆ, ಮಾಗಡಿಯ ಸಂತೆ, ಮರಳವಾಡಿಯ ಬೀದಿಗಳಲ್ಲಿ ಬಸ್ಸಿಳಿದು ನಡೆದು, ಕೂಟಗಲ್ಲಿನ ಹೆಸರಿರುವ ಪಾತ್ರೆ ಕೊಂಡಿದ್ದೀರಾ ಎಂದು ಕೇಳುತ್ತಿದ್ದರು. ಸುದ್ದಿ ಅವರಿಗಿಂತ ಮೊದಲೇ ಆ ಊರು ಮುಟ್ಟಿರುತ್ತಿತ್ತು. ವಿಷ ಹಾಕುವ ಸಾಬಿ ಬಂದ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಬಾಗಿಲ ಹಿಂದೆ ಒಲೆ ಮೇಲೆ ಬೇಯುತ್ತಿದ್ದುದು ಯಾರ ಹೆಸರಿನ ತಪ್ಪಲೆಯೋ. ಕೆಲವು ಸಿಕ್ಕವು, ಅವನ್ನು ಕೊಂಡು ತಂದು ನೆನೆಸಿ ಕೆರೆದರು. ಕೆರೆಯುವಾಗ ಏಳುವ ಪುಡಿಯೂ ಒಳ್ಳೆಯದಲ್ಲ ಎಂದು ಡಾಕ್ಟರು ಬೈದರೂ ಬಿಡಲಿಲ್ಲ. ಮಗಳ ಔಷಧಿಗೆ ಹೋದಾಗೆಲ್ಲ ಅವರು ಸಿಗುತ್ತಿದ್ದರು, ಪ್ರತಿ ಸಲವೂ ಒಂದು ಸುತ್ತು ಸಣ್ಣಗಾಗಿ. ನಾನು ಮಾತಾಡಿಸುತ್ತಿದ್ದೆ. ಸಿಟ್ಟೂ ಇತ್ತು, ಕರುಳೂ ಚುರುಕ್ ಎನ್ನುತ್ತಿತ್ತು. ಎರಡೂ ಒಟ್ಟಿಗಿರಬಹುದೆಂದು ನನಗೆ ಗೊತ್ತಾದದ್ದು ಆಗಲೇ.

ಮುಂದಿನ ವರ್ಷ ಅಮ್ಮನಿಗೆ ಹುಷಾರಿಲ್ಲವೆಂದು ಉಯ್ಯಂಬಳ್ಳಿಗೆ ಹೋಗಿದ್ದೆ. ಪಕ್ಕದ ಮನೆಯ ಗಂಗಲಕ್ಷ್ಮಮ್ಮನ ಮೊಮ್ಮಗ ಅಂಗಳದಲ್ಲಿ ಕೂತು ನೀರು ಕುಡಿಯುತ್ತಿದ್ದ. ಅವನ ಕೈಯಲ್ಲಿದ್ದ ಚೊಂಬಿನ ಕಂಠದ ಮೇಲೆ ನನ್ನ ಮಗಳ ಹೆಸರಿತ್ತು. ಹೋಗಿ ಕಿತ್ತುಕೊಂಡೆ, ಆಕೆಗೆ ಎಲ್ಲ ಹೇಳಿದೆ. ಗಂಗಲಕ್ಷ್ಮಮ್ಮ ನಂಬಲಿಲ್ಲ. ಹಾಕಿದವನೇ ಬಂದು ಹೇಳಲಿ ಎಂದರು. ಹಫೀಜಾಗೆ ಫೋನು ಮಾಡಿಸಿದೆ. ಮಾರನೆಯ ದಿನ ಮೊದಲ ಬಸ್ಸಿಗೇ ಸಾಬರು ಬಂದಿಳಿದರು, ಎಡಗೈಯಲ್ಲಿ ಸಲಕರಣೆಯ ಚೀಲ.

ಈ ಸಲ ಅವರು ಸುತ್ತಿ ಬಳಸಲಿಲ್ಲ. “ವಿಷ ಹಾಕಿದೋನು ನಾನೇ ತಾಯಿ,” ಎಂದೇ ಮಾತು ಶುರುಮಾಡಿದರು. ಕಡ್ಡಿ, ಫ್ಯಾಕ್ಟರಿ, ಸೀಸ, ಎಲ್ಲ ಹೇಳಿ ಮುಗಿಸಿ, “ಕೆರೆದು ಒಳ್ಳೇ ತವರ ಹಾಕ್ಕೊಡ್ತೀನಿ, ಕಾಸು ಬ್ಯಾಡ,” ಎಂದರು. ಆಮೇಲೆ ಹುಡುಗನನ್ನು ಹತ್ತಿರ ಕರೆದರು.

“ಒಸಿ ಬಾಯ್ ತೆಗಿ ಮಗಾ.”

ಹುಡುಗ ಬಾಯಿ ತೆರೆದ. ಸಾಬರು ಎಡಗೈ ಹೆಬ್ಬೆರಳಿನಿಂದ ಅವನ ತುಟಿ ಎತ್ತಿ ನೋಡಿದರು. ಹಲ್ಲಿನ ಬುಡದಲ್ಲಿ ಸಣ್ಣಗೆ ನೀಲಿ ಗೆರೆ ಇದ್ದುದು ನಿಂತಿದ್ದ ನನಗೂ ಕಂಡಿತು, ಗಂಗಲಕ್ಷ್ಮಮ್ಮನಿಗೂ ಕಂಡಿತು. ಆಕೆ ಕೂಗಾಡಲಿಲ್ಲ. ಮೊಮ್ಮಗನ ಬಾಯಿಯನ್ನು ಸೆರಗಿನಲ್ಲಿ ಒರೆಸಿ ಪಕ್ಕಕ್ಕೆ ಎಳೆದುಕೊಂಡರು.

“ಪಾತ್ರೆ ಕೆರೆದು ಕೊಡ್ತೀರಿ, ಸರಿ ಸಾಬ್ರೆ. ಇವನೊಳಗ್ ಹೋಗಿರೋದನ್ನ ಹೆಂಗ್ ಕೆರೀತೀರಿ?”

ಅದು ನಾನು ಕೇಳಬೇಕಾಗಿದ್ದ ಮಾತು. ವರಾಂಡದಲ್ಲಿ ಅಷ್ಟೆಲ್ಲ ಬೈದವಳಿಗೆ ಅದೊಂದು ಮಾತು ಬಾಯಿಗೆ ಬಂದಿರಲಿಲ್ಲ. ಸಾಬರು ಚೀಲವನ್ನು ಜಗಲಿಯ ಮೇಲೆ ಬಿಟ್ಟು, ಬಸ್ಸು ನಿಲ್ಲುವ ಕಡೆಗೆ ನಡೆದುಬಿಟ್ಟರು. ನಾನು ಎರಡು ಸಲ ಕೂಗಿದೆ, ತಿರುಗಲಿಲ್ಲ. ಅದಾದ ಮೇಲೆ ಅವರು ಯಾವ ಊರಿಗೂ ಹೋಗಲಿಲ್ಲ, ಆಸ್ಪತ್ರೆಗೂ ಬರಲಿಲ್ಲ. ಮುಂದಿನ ಮಳೆಗಾಲದಲ್ಲಿ ತೀರಿಕೊಂಡರೆಂದು ಹಫೀಜಾ ಹೇಳಿ ಕಳಿಸಿದರು. ಕೂಟಗಲ್ಲಿನಿಂದ ಮಣ್ಣಿಗೆ ಬೇರೆ ಯಾರೂ ಹೋಗಲಿಲ್ಲ, ನಾನು ಹೋಗಿದ್ದೆ, ಧನುಶ್ರೀಯ ಕೈ ಹಿಡಿದುಕೊಂಡು. ಈಗ ಅವಳನ್ನು ಶಾಲೆಗೆ ಸೇರಿಸಿದ್ದೇವೆ, ಹೋಗುತ್ತಾಳೆ. ಮೇಷ್ಟ್ರು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಒಂದು ಎರಡು ಮೂರು ಎಂದು ದಿನವೂ ಮೊದಲಿನಿಂದ ಹೇಳಿಕೊಡುತ್ತಾರೆ.